ಸೇನಾಪತಿ ಮತ್ತು ರಕ್ಷಣಾ ಖಾತೆ: ನಾಗಪುರದ ನೆಲೆಯಿಂದ ಒಂದು ಸಮೀಕ್ಷೆ

ಸ್ವತಂತ್ರ ಭಾರತದಲ್ಲಿ ಇಂದಿನವರೆಗೂ ಯಾವ ಜನರಲ್ಲನೂ ರಕ್ಷಣಾ ಮಂತ್ರಿಯಾಗಿಲ್ಲ. 1947ರಿಂದ ಆ ಖಾತೆಯನ್ನು ವಹಿಸಿಕೊಂಡವರಲ್ಲಿ ವಕೀಲರಿದ್ದಾರೆ, ರೈತ ನಾಯಕರಿದ್ದಾರೆ, ಮಂಗಳೂರಿನಲ್ಲಿ ಹುಟ್ಟಿದ ಕಾರ್ಮಿಕ ನಾಯಕ ಜಾರ್ಜ್ ಫರ್ನಾಂಡಿಸ್ ಇದ್ದಾರೆ, ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾಗಿದ್ದ ನಿರ್ಮಲಾ ಸೀತಾರಾಮನ್ ಇದ್ದಾರೆ. ಸಮವಸ್ತ್ರ ತೊಟ್ಟು ಬಂದವರೆಂದರೆ 2001ರಲ್ಲಿ ಕೆಲವು ತಿಂಗಳ ಕಾಲ ಈ ಹೊಣೆಯನ್ನು ಹೆಚ್ಚುವರಿಯಾಗಿ ಹೊತ್ತಿದ್ದ ಜಸ್ವಂತ್ ಸಿಂಗ್. ಅವರು ಸೇನೆ ಬಿಟ್ಟದ್ದು ಮೇಜರ್ ಹುದ್ದೆಯಲ್ಲಿ, ಮಂತ್ರಿಯಾಗುವ ಎಷ್ಟೋ ವರ್ಷ ಮೊದಲು. ಇದನ್ನು ಆಕಸ್ಮಿಕ ಎಂದು ತಳ್ಳಿಹಾಕುವಂತಿಲ್ಲ. ಇದು ಪ್ರಜ್ಞಾಪೂರ್ವಕವಾಗಿ ಬೆಳೆಸಿಕೊಂಡು ಬಂದ ರೂಢಿ. ಆದರೆ ಯಾವ ಕಾನೂನಿನಲ್ಲೂ ಅದು ದಾಖಲಾಗಿಲ್ಲ. ರೂಢಿ ಎಲ್ಲಿಂದ ಬಂತು, ಅದಕ್ಕೆ ಯಾರು ಬೆಲೆ ತೆತ್ತರು, ಇನ್ನೂ ಅದು ಬೇಕೇ ಎಂಬ ಪ್ರಶ್ನೆಗಳನ್ನು ಪರಿಶೀಲಿಸಲು ನಾಗಪುರ ತಕ್ಕ ಜಾಗ. ಸೇನಾಪತಿಯೇ ದೊರೆಯಾದ ರಾಜ್ಯ ಒಂದು ಕಾಲಕ್ಕೆ ಇಲ್ಲಿತ್ತು. ಇಲ್ಲಿಗೆ ಹದಿನಾರು ಕಿಲೋಮೀಟರ್ ದೂರದ ಕಾಮಠಿ ದಂಡಿನಲ್ಲಿ, ಕೊಡಗಿನ ಕೋದಂಡೇರ ಮಾದಪ್ಪ ಕಾರ್ಯಪ್ಪನವರು ಕಟ್ಟಿದ ರೆಜಿಮೆಂಟಿನ ಕೇಂದ್ರ ಇಂದಿಗೂ ಕೆಲಸ ಮಾಡುತ್ತಿದೆ.

ಹಳೆಯ ರಾಜ್ಯಗಳಲ್ಲಿ ದಂಡನ್ನು ನಡೆಸುವವನೂ ಮಂತ್ರಾಲೋಚನೆಯಲ್ಲಿ ಕೂರುವವನೂ ಒಬ್ಬನೇ ಆಗಿರುವುದು ಸಾಮಾನ್ಯ ಸಂಗತಿ. ಹೊಯ್ಸಳ ವಿಷ್ಣುವರ್ಧನನಿಗೆ ಚೋಳರಿಂದ ತಲಕಾಡನ್ನು ಗೆದ್ದುಕೊಟ್ಟ ಗಂಗರಾಜ ಮಹಾಪ್ರಧಾನನೂ ಹೌದು, ದಂಡನಾಯಕನೂ ಹೌದು. ಮೈಸೂರಿನಲ್ಲಿ ದಳವಾಯಿಗಳಾದ ದೇವರಾಜಯ್ಯ ಮತ್ತು ನಂಜರಾಜಯ್ಯ 1730ರ ದಶಕದಿಂದ ಅರಸರನ್ನು ಹೆಸರಿಗಷ್ಟೇ ಉಳಿಸಿಕೊಂಡು ಆಳಿದರು. ಅವರ ಕೈಕೆಳಗೆ ಬೆಳೆದ ಹೈದರ್ ಅಲಿ 1761ರ ಹೊತ್ತಿಗೆ ದಳವಾಯಿಗಳನ್ನೂ ಬದಿಗೆ ಸರಿಸಿದ. ನಾಗಪುರದ ಭೋಸಲೆಗಳದ್ದೂ ಇದೇ ಜಾತಿಯ ಕಥೆ. ಸಾತಾರೆಯ ಛತ್ರಪತಿ ಶಾಹೂ ಕೊಟ್ಟ ಸೇನಾಸಾಹೇಬ ಸುಭಾ ಎಂಬ ಪದವಿಯಲ್ಲಿ ದಂಡಿನ ಯಜಮಾನಿಕೆ, ಪ್ರಾಂತದ ಆಡಳಿತ ಎರಡೂ ಕೂಡಿದ್ದವು. ಆ ಪದವಿ ಹಿಡಿದ ಮೊದಲನೆಯ ರಘೂಜಿ 1740ರಲ್ಲಿ ತಮಿಳು ಸೀಮೆಗೆ ನುಗ್ಗಿ ಆರ್ಕಾಟಿನ ನವಾಬ ದೋಸ್ತ್ ಅಲಿಯನ್ನು ಸೋಲಿಸಿದ. ಮರುವರ್ಷ ತಿರುಚಿರಾಪಳ್ಳಿಯನ್ನು ಹಿಡಿದ. 1742ರಿಂದ ಬಂಗಾಳದ ಮೇಲೆ ವರ್ಷವರ್ಷವೂ ದಾಳಿ ನಡೆಸಿ, 1751ರಲ್ಲಿ ಒಡಿಶಾವನ್ನು ಕೈಗೆ ತೆಗೆದುಕೊಂಡ. ಅಲ್ಲಿಗೆ ಯಾರದೋ ಸೇನಾಪತಿಯಾಗಿದ್ದವನು ತನ್ನದೇ ರಾಜ್ಯ ಕಟ್ಟಿಕೊಂಡಿದ್ದ. ದಂಡಿನ ಖರ್ಚು ಎಷ್ಟು, ಯಾರ ಮೇಲೆ ದಾಳಿ, ಎಲ್ಲಿ ನಿಲ್ಲಿಸಬೇಕು ಎಂದು ಕೇಳುವ ಇನ್ನೊಂದು ದನಿ ಆ ವ್ಯವಸ್ಥೆಯಲ್ಲಿ ಇರಲಿಲ್ಲ. ಬಂಗಾಳದ ಹಳ್ಳಿಗಳ ತಾಯಂದಿರು ಮಕ್ಕಳನ್ನು ಮಲಗಿಸುವಾಗ ವರ್ಗಿಗಳ, ಅಂದರೆ ಮರಾಠಾ ದಾಳಿಗಾರರ, ಹೆಸರೆತ್ತಿ ಹೆದರಿಸುತ್ತಿದ್ದುದು ಆ ದಾಳಿಗಳ ಉಳಿಕೆ. 1817ರ ನವೆಂಬರ್ 26 ಮತ್ತು 27ರಂದು ಸೀತಾಬರ್ಡಿ ಗುಡ್ಡದ ಮೇಲೆ ಅಪ್ಪಾಸಾಹೇಬ ಭೋಸಲೆಯ ಪಡೆ ಸೋತಾಗ ಆ ರಾಜ್ಯದ ಬೆನ್ನೆಲುಬು ಮುರಿಯಿತು. 1821ರಲ್ಲಿ ಕನ್ಹಾನ್ ನದಿಯ ದಂಡೆಯಲ್ಲಿ ಬ್ರಿಟಿಷರು ಕಾಮಠಿಯ ದಂಡುಪ್ರದೇಶವನ್ನು ಸ್ಥಾಪಿಸಿದರು. ಮೂರನೆಯ ರಘೂಜಿ ಮಕ್ಕಳಿಲ್ಲದೆ 1853ರಲ್ಲಿ ತೀರಿಕೊಂಡ ಮೇಲೆ ಗವರ್ನರ್ ಜನರಲ್ ಡಾಲ್‌ಹೌಸಿ ನಾಗಪುರವನ್ನು ಈಸ್ಟ್ ಇಂಡಿಯಾ ಕಂಪನಿಯ ರಾಜ್ಯಕ್ಕೆ ಸೇರಿಸಿಕೊಂಡ.

ಸೇನೆಗೆ ನಾಗರಿಕ ಅಂಕುಶ ಬೇಕೆಂಬುದನ್ನು ನಾವು ಬ್ರಿಟಿಷರಿಂದ ಕಲಿತೆವು ಎಂಬ ನಂಬಿಕೆ ವ್ಯಾಪಕವಾಗಿದೆ. ಅರ್ಧ ಮಾತ್ರ ಸರಿ. ಇಂಗ್ಲೆಂಡಿನಲ್ಲಿ ಅವರು ಪಾಲಿಸಿದ್ದನ್ನು ಭಾರತದಲ್ಲಿ ಪಾಲಿಸಲಿಲ್ಲ. ವೈಸ್‌ರಾಯ್ ಮಂಡಲಿಯಲ್ಲಿ ದಂಡನಾಯಕನಲ್ಲದೆ ಸೈನ್ಯದ ಕಡತ ನೋಡುವ ಇನ್ನೊಬ್ಬ ಸದಸ್ಯನಿದ್ದ. ಆ ಎರಡನೆಯ ಕಣ್ಣು ತನಗೆ ಬೇಡವೆಂದು ದಂಡನಾಯಕ ಕಿಚನರ್ ಹಟ ಹಿಡಿದ. ವಿರೋಧಿಸಿದ ವೈಸ್‌ರಾಯ್ ಕರ್ಜನ್‌ಗೆ ಲಂಡನ್ ಬೆಂಬಲ ಸಿಗದೆ 1905ರಲ್ಲಿ ರಾಜೀನಾಮೆ ಕೊಡಬೇಕಾಯಿತು. 1909ರ ಹೊತ್ತಿಗೆ ಎರಡೂ ಹೊಣೆ ಒಬ್ಬನ ಕೈ ಸೇರಿದವು. ಅಂದರೆ ಭಾರತದಲ್ಲಿ ದಂಡನಾಯಕನೇ ವಸ್ತುತಃ ರಕ್ಷಣಾ ಮಂತ್ರಿಯೂ ಆದ. ಇದರ ಪರೀಕ್ಷೆ ತಡವಾಗಲಿಲ್ಲ. 1916ರ ಏಪ್ರಿಲ್‌ನಲ್ಲಿ ಟೈಗ್ರಿಸ್ ತೀರದ ಕೂತ್ ಊರಿನಲ್ಲಿ ಪುಣೆಯ ಆರನೆಯ ಡಿವಿಜನ್ ಹಸಿವಿನಿಂದ ಕಂಗೆಟ್ಟು ತುರ್ಕರಿಗೆ ಶರಣಾಯಿತು. ಆ ಡಿವಿಜನ್‌ನಲ್ಲಿ, ಇಂದು ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲಘು ಪದಾತಿ ದಳದ ಪೂರ್ವಜ ಪಲ್ಟನ್‌ಗಳೂ ಇದ್ದವು. ಗಾಯಾಳುಗಳಿಗೆ ಹಡಗಿಲ್ಲ, ಔಷಧವಿಲ್ಲ, ದೋಣಿ ಸಾಲದು. ದಂಡನಾಯಕ ಬೋಷಾಂಪ್ ಡಫ್ ಮಾತ್ರ ಸಿಮ್ಲಾ ದೆಹಲಿಗಳ ಕಡತಗಳ ನಡುವೆ ಇದ್ದ. 1917ರ ಮೆಸಪೊಟೇಮಿಯಾ ಆಯೋಗ ಕೊಟ್ಟ ತೀರ್ಪು ಸ್ಪಷ್ಟ: ದಂಡು ನಡೆಸುವುದು, ದಂಡಿನ ಖಾತೆ ನೋಡುವುದು, ಎರಡೂ ಒಬ್ಬ ಮನುಷ್ಯನ ಅಳವಿಗೆ ಮೀರಿದ ಕೆಲಸ. ರಕ್ಷಣಾ ಖಾತೆ ನಾಗರಿಕನ ಕೈಯಲ್ಲಿರಬೇಕು ಎಂಬ ನನ್ನ ವಾದಕ್ಕೆ ಇದಕ್ಕಿಂತ ದೊಡ್ಡ ಆಧಾರ ಭಾರತದ ಇತಿಹಾಸದಲ್ಲಿ ಇನ್ನೊಂದಿಲ್ಲ. ಅಲ್ಲಿ ಸೋತದ್ದು ಡಫ್‌ನ ಬುದ್ಧಿಯಲ್ಲ, ಅವನನ್ನು ಪ್ರಶ್ನಿಸಬೇಕಾಗಿದ್ದ ಕುರ್ಚಿಯಲ್ಲಿ ಅವನೇ ಕೂತಿದ್ದ. ಆದರೂ ಬ್ರಿಟಿಷರು ಆ ವ್ಯವಸ್ಥೆಯನ್ನು ಎರಡನೆಯ ಮಹಾಯುದ್ಧದವರೆಗೆ ಎಳೆದರು.

ಸೈನ್ಯದ ವಿಷಯ ಸೈನಿಕರಿಗೆ ಮಾತ್ರ ಬಿಟ್ಟದ್ದಲ್ಲ ಎಂದು ಆ ಕಾಲದಲ್ಲಿ ಗಟ್ಟಿಯಾಗಿ ಹೇಳಿದವರಲ್ಲಿ ನಾಗಪುರದ ಕಣ್ಣಿನ ವೈದ್ಯ ಬಿ. ಎಸ್. ಮೂಂಜೆ ಒಬ್ಬರು. ಸೇನೆಯ ಭಾರತೀಕರಣಕ್ಕಾಗಿ ಅವರು ಶಾಸನಸಭೆಯಲ್ಲಿ ವಾದಿಸಿದರು. 1931ರಲ್ಲಿ ಭಾರತೀಯ ಸೈನಿಕ ಕಾಲೇಜಿನ ಯೋಜನೆ ಹಾಕಿದ ಸಮಿತಿಯಲ್ಲಿ ಕೂತರು. ಮರುವರ್ಷ ಡೆಹರಾಡೂನಿನ ಅಕಾಡೆಮಿ ಶುರುವಾಯಿತು. ಅವರ ರಾಜಕೀಯದ ಬಗ್ಗೆ ಭಿನ್ನಾಭಿಪ್ರಾಯ ಸಾಕಷ್ಟಿದೆ, ಇರಲಿ. ಖಡ್ಗ ಹಿಡಿಯದ ನಾಗರಿಕನೊಬ್ಬ ದಂಡಿನ ರಚನೆಯ ಬಗ್ಗೆ ಪ್ರಶ್ನೆ ಕೇಳಬಹುದು ಎಂಬುದನ್ನು ಅವರು ಮಾಡಿ ತೋರಿಸಿದರು. 1946ರ ಸೆಪ್ಟೆಂಬರ್ 2ರಂದು ಮಧ್ಯಂತರ ಸರ್ಕಾರದಲ್ಲಿ ಬಲದೇವ್ ಸಿಂಗ್ ರಕ್ಷಣಾ ಖಾತೆ ವಹಿಸಿಕೊಂಡಾಗ ಕಿಚನರನ ವ್ಯವಸ್ಥೆಗೆ ನಿಜವಾದ ತೆರೆ ಬಿತ್ತು. ಆಮೇಲಿನ ಹೆಜ್ಜೆಗಳು ಚಿಕ್ಕವು, ಆದರೆ ಕಣ್ಣಿಗೆ ಕಾಣುವಂಥವು. ದೆಹಲಿಯಲ್ಲಿ ದಂಡನಾಯಕನಿಗೆಂದು ಕಟ್ಟಿದ್ದ ಫ್ಲ್ಯಾಗ್‌ಸ್ಟಾಫ್ ಹೌಸ್, ಅಂದರೆ ತೀನ್ ಮೂರ್ತಿ ಭವನ, ಪ್ರಧಾನಿ ನೆಹರೂ ಅವರ ಮನೆಯಾಯಿತು. 1955ರಲ್ಲಿ ಕಮಾಂಡರ್ ಇನ್ ಚೀಫ್ ಎಂಬ ಪದವಿಯನ್ನೇ ರದ್ದು ಮಾಡಿ ಭೂಸೇನೆ, ನೌಕಾಪಡೆ, ವಾಯುಪಡೆಗಳಿಗೆ ಸಮಾನ ಮುಖ್ಯಸ್ಥರನ್ನು ಇಟ್ಟರು. ಸಂವಿಧಾನದ 53ನೇ ವಿಧಿ ರಕ್ಷಣಾ ಪಡೆಗಳ ಪರಮಾಧಿಕಾರವನ್ನು ರಾಷ್ಟ್ರಪತಿಗೆ ಕೊಟ್ಟು, ಅದನ್ನು ಕಾನೂನಿನಂತೆ ನಡೆಸಬೇಕೆಂದಿತು.

ಈ ಹೊಸ ವ್ಯವಸ್ಥೆಯೊಳಗೆ ಮೊದಲು ಬಾಳಿದ ಭಾರತೀಯ ದಂಡನಾಯಕ ಕಾರ್ಯಪ್ಪ. ಶನಿವಾರಸಂತೆಯಲ್ಲಿ ಹುಟ್ಟಿ, ಇಂದೋರಿನ ಡೇಲಿ ಕೆಡೆಟ್ ಕಾಲೇಜಿನಿಂದ 1919ರಲ್ಲಿ ಅಧಿಕಾರಿಯಾಗಿ ಹೊರಬಂದ ಮೊದಲ ಭಾರತೀಯರ ತಂಡದಲ್ಲಿ ಅವರಿದ್ದರು. 1933ರಲ್ಲಿ ಕ್ವೆಟ್ಟಾ ಸ್ಟಾಫ್ ಕಾಲೇಜು ಸೇರಿದ ಮೊದಲ ಭಾರತೀಯ, 1942ರಲ್ಲಿ ಪಲ್ಟನ್ನಿನ ಪೂರ್ಣ ಅಧಿಕಾರ ಪಡೆದ ಮೊದಲ ಭಾರತೀಯ. 1948ರಲ್ಲಿ ಪಶ್ಚಿಮ ಕಮಾಂಡಿನ ಮುಖ್ಯಸ್ಥರಾಗಿ ಕಾಶ್ಮೀರದ ಯುದ್ಧ ನಡೆಸಿದರು. ಅವರ ಕೆಳಗೆ ಮಡಿಕೇರಿಯ ಇನ್ನೊಬ್ಬ ಕೊಡವ, ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ, ಹನ್ನೊಂದು ಸಾವಿರ ಅಡಿಗೂ ಮಿಕ್ಕ ಎತ್ತರದ ಝೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಹತ್ತಿಸಿದರು. 1949ರ ಜನವರಿ 15ರಂದು ಕಾರ್ಯಪ್ಪ ಜನರಲ್ ಬುಚರ್ ಅವರಿಂದ ಅಧಿಕಾರ ವಹಿಸಿಕೊಂಡರು. ಆ ದಿನವೇ ಇಂದಿನ ಸೇನಾ ದಿನ. ಅದೇ ವರ್ಷ ಅವರು ಹುಟ್ಟುಹಾಕಿದ್ದು ಬ್ರಿಗೇಡ್ ಆಫ್ ದ ಗಾರ್ಡ್ಸ್. ಅದುವರೆಗೆ ಪದಾತಿ ರೆಜಿಮೆಂಟುಗಳು ಸಿಖ್ಖರದು, ಡೋಗ್ರಾಗಳದು, ಜಾಟರದು, ರಜಪೂತರದು ಎಂದು ಕುಲ ಪ್ರದೇಶಗಳ ಲೆಕ್ಕದಲ್ಲಿ ಭರ್ತಿಯಾಗುತ್ತಿದ್ದವು. ಪಂಜಾಬ್, ಗ್ರೆನೇಡಿಯರ್ಸ್, ರಾಜಪುತಾನಾ ರೈಫಲ್ಸ್, ರಜಪೂತ ರೆಜಿಮೆಂಟುಗಳ ಹಳೆಯ ಪಲ್ಟನ್‌ಗಳನ್ನು ಒಟ್ಟು ತಂದು, ಎಲ್ಲ ಪ್ರಾಂತಗಳ ಎಲ್ಲ ಜಾತಿಗಳವರೂ ಒಂದೇ ಕಂಪನಿಯಲ್ಲಿ ನಿಲ್ಲುವ ರೆಜಿಮೆಂಟನ್ನು ಕಾರ್ಯಪ್ಪ ಕಟ್ಟಿದರು. ಗರುಡನ ಲಾಂಛನ, ಪಹಲಾ ಹಮೇಶಾ ಪಹಲಾ ಎಂಬ ಧ್ಯೇಯವಾಕ್ಯ. 1971ರಲ್ಲಿ ಅಗರ್ತಲಾದ ಬಳಿ ಗಂಗಾಸಾಗರದಲ್ಲಿ ಹೋರಾಡಿ ಪ್ರಾಣ ಕೊಟ್ಟು ಪರಮವೀರ ಚಕ್ರ ಪಡೆದ ಲಾನ್ಸ್ ನಾಯಕ್ ಆಲ್ಬರ್ಟ್ ಎಕ್ಕಾ ಈ ರೆಜಿಮೆಂಟಿನ ಹದಿನಾಲ್ಕನೇ ಪಲ್ಟನ್ನಿನ ಆದಿವಾಸಿ ಯೋಧ. ಜಾತಿ ಮೀರಿದ ಪಲ್ಟನ್ ಯುದ್ಧದಲ್ಲಿ ಒಡೆದುಹೋಗುತ್ತದೆ ಎನ್ನುತ್ತಿದ್ದವರಿಗೆ ಈ ರೆಜಿಮೆಂಟಿನ ಹುಡುಗರು ಉತ್ತರ ಕೊಟ್ಟಿದ್ದಾರೆ.

ಇಂಥ ದೂರದೃಷ್ಟಿಯ ಮನುಷ್ಯ ರಕ್ಷಣಾ ಮಂತ್ರಿಯಾಗಿದ್ದರೆ ದೇಶಕ್ಕೆ ಒಳಿತಾಗುತ್ತಿರಲಿಲ್ಲವೇ ಎಂದು ಕನ್ನಡಿಗರು ಅಭಿಮಾನದಿಂದ ಕೇಳುವುದುಂಟು. ಆ ಅಭಿಮಾನ ನನಗೂ ಇದೆ. ಆದರೆ ಅವರದೇ ಬದುಕಿನ ಇನ್ನೊಂದು ಭಾಗವನ್ನು ಮುಚ್ಚಿಟ್ಟು ಉತ್ತರ ಹೇಳುವುದು ಪ್ರಾಮಾಣಿಕತೆಯಲ್ಲ. ದಂಡನಾಯಕರಾಗಿದ್ದಾಗಲೇ ಅವರು ಆರ್ಥಿಕತೆ, ಆಡಳಿತ, ಶಿಸ್ತು ಎಂದು ನಾನಾ ವಿಷಯಗಳ ಬಗ್ಗೆ ಸಾರ್ವಜನಿಕವಾಗಿ ಮಾತಾಡುತ್ತಿದ್ದರು. ಭಾಷಣ, ಪತ್ರಿಕಾಗೋಷ್ಠಿಗಳನ್ನು ಕಡಿಮೆ ಮಾಡುವಂತೆ ನೆಹರೂ 1952ರಲ್ಲಿ ಅವರಿಗೆ ಪತ್ರ ಬರೆಯಬೇಕಾಯಿತು. 1953ರ ಜನವರಿಯಲ್ಲಿ ನಿವೃತ್ತರಾದೊಡನೆ ಅವರನ್ನು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿಗೆ ಹೈಕಮಿಷನರ್ ಆಗಿ ಕಳಿಸಲಾಯಿತು. 1958ರಲ್ಲಿ ಪಾಕಿಸ್ತಾನದಲ್ಲಿ ಸೈನ್ಯ ಅಧಿಕಾರ ಕಿತ್ತುಕೊಂಡ ಮೇಲೆ ರಾವಲ್ಪಿಂಡಿಗೆ ಹೋಗಿದ್ದ ಕಾರ್ಯಪ್ಪ, ಹಳೆಯ ಸಹೋದ್ಯೋಗಿಗಳ ಆ ಹೆಜ್ಜೆಯನ್ನು ಬಹಿರಂಗವಾಗಿ ಸಮರ್ಥಿಸಿದರು. ಮುಂದೆ ರಾಜಕೀಯ ಪಕ್ಷಗಳ ಗದ್ದಲದಿಂದ ಬೇಸತ್ತು ರಾಷ್ಟ್ರಪತಿ ಆಳ್ವಿಕೆಯ ಮಾತನ್ನೂ ಆಡಿದರು. 1971ರಲ್ಲಿ ಮುಂಬೈ ಈಶಾನ್ಯ ಕ್ಷೇತ್ರದಿಂದ ಪಕ್ಷೇತರರಾಗಿ, ಶಿವಸೇನೆಯ ಬೆಂಬಲದೊಂದಿಗೆ ಲೋಕಸಭೆಗೆ ನಿಂತು ಸೋತರು. ಇವೆಲ್ಲದರಲ್ಲಿ ಕೆಡುಕಿನ ಉದ್ದೇಶ ಹುಡುಕುವವರು ಕಾರ್ಯಪ್ಪನವರನ್ನು ಅರಿಯದವರು. ಅಧಿಕಾರದಲ್ಲಿದ್ದಾಗ ಅವರು ಸೈನಿಕರನ್ನು ರಾಜಕೀಯದಿಂದ ಕಟ್ಟುನಿಟ್ಟಾಗಿ ದೂರವಿಟ್ಟರು. 1965ರ ಯುದ್ಧದಲ್ಲಿ ವಿಮಾನ ಚಾಲಕ ಮಗ ಸೆರೆಸಿಕ್ಕಾಗ ಅವನಿಗೆಂದು ವಿಶೇಷ ಉಪಚಾರ ಬೇಡವೆಂದರು. ನೇರ ನಡೆಯ ನಿಷ್ಕಳಂಕ ಮನುಷ್ಯ. ಬ್ಯಾರಕ್ಕಿನಲ್ಲಿ ಆಜ್ಞೆಗೆ ಆಜ್ಞೆಯಂತೆ ಕೆಲಸ ನಡೆಯುವುದನ್ನು ಮೂವತ್ತು ವರ್ಷ ಕಂಡವರಿಗೆ ಶಾಸನಸಭೆಯ ಜಗಳ ವ್ಯರ್ಥ ಕಾಲಹರಣವೆನಿಸುವುದು ಸಹಜ. ರಕ್ಷಣಾ ಮಂತ್ರಿಯ ಕೆಲಸದಲ್ಲಿ ಮುಕ್ಕಾಲು ಪಾಲು ಆ ಜಗಳವೇ: ಹಣಕಾಸು ಖಾತೆಯೊಡನೆ, ಸಂಸತ್ತಿನೊಡನೆ, ಮೂರೂ ಪಡೆಗಳ ನಡುವೆ.

ಜನರಲ್ ಒಬ್ಬನಿಗೆ ಭಾರತ ಸರ್ಕಾರ ನಿಜಕ್ಕೂ ಮಂತ್ರಿಗಿಂತ ಹೆಚ್ಚಿನ ಅಧಿಕಾರ ಕೊಟ್ಟ ಸಂದರ್ಭ ಒಂದಿದೆ, ಅದೂ ಕನ್ನಡ ನೆಲವನ್ನೊಳಗೊಂಡ ರಾಜ್ಯದಲ್ಲಿ. 1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಶರಣಾದ ಮೇಲೆ ಮೇಜರ್ ಜನರಲ್ ಜೆ. ಎನ್. ಚೌಧುರಿ ಅಲ್ಲಿ ಸೈನಿಕ ಗವರ್ನರ್ ಆದರು. ಬೀದರ್, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಆಡಳಿತವೂ ಅವರ ಕೈಯಲ್ಲಿ. 1949ರಲ್ಲಿ ಜಾಗೀರುಗಳು ರದ್ದಾದದ್ದು ಇದೇ ಆಡಳಿತದಲ್ಲಿ. ಇಂದಿನ ಕಲ್ಯಾಣ ಕರ್ನಾಟಕದ ಎಷ್ಟೋ ರೈತರ ಮಟ್ಟಿಗೆ ಅದು ನಿಜವಾದ ಬಿಡುಗಡೆ. ಅದೇ ಅವಧಿಯ ಆರಂಭದಲ್ಲಿ ನಡೆದ ಹಿಂಸೆಯ ಬಗ್ಗೆ ಪಂಡಿತ್ ಸುಂದರ್‌ಲಾಲ್ ಸಮಿತಿ ವರದಿ ಕೊಟ್ಟಿತು. ಅದು ದಶಕಗಳ ಕಾಲ ಪ್ರಕಟವಾಗಲಿಲ್ಲ. ಶಾಸನಸಭೆ ಇಲ್ಲದ ಕಡೆ ಒಳ್ಳೆಯ ಕೆಲಸ ಬೇಗ ಆಗುತ್ತದೆ, ಕೆಟ್ಟದ್ದನ್ನು ಕೇಳುವವರು ಇರುವುದಿಲ್ಲ. ಈ ಎರಡೂ ಸತ್ಯಗಳನ್ನು ಒಟ್ಟಿಗೆ ಹಿಡಿದರೆ ಮಾತ್ರ ಆ ಕಾಲ ಅರ್ಥವಾದೀತು. ದೆಹಲಿಗೆ ಅದು ಅರ್ಥವಾಗಿತ್ತು. ಚೌಧುರಿಯವರ ಜೊತೆಗೆ ಮುಖ್ಯ ನಾಗರಿಕ ಆಡಳಿತಾಧಿಕಾರಿಯಾಗಿ ಐಸಿಎಸ್‌ನ ಬಾಖ್ಲೆ ಅವರನ್ನು ಇಟ್ಟಿತ್ತು. 1949 ಮುಗಿಯುವಷ್ಟರಲ್ಲಿ ಸೈನಿಕ ಆಡಳಿತ ಮುಗಿಸಿ, ಐಸಿಎಸ್‌ನ ವೆಲ್ಲೋಡಿಯವರಿಗೆ ಅಧಿಕಾರ ಕೊಟ್ಟು, ಜನರಲ್‌ರನ್ನು ಸೇನೆಗೆ ಹಿಂತಿರುಗಿಸಿತು.

ನಿವೃತ್ತ ಸೇನಾ ಮುಖ್ಯಸ್ಥರು ಮುಂದೆ ಎಲ್ಲಿಗೆ ಹೋದರು ಎಂದು ಹುಡುಕಿದರೆ ಒಂದು ದಾರಿ ಎದ್ದು ಕಾಣುತ್ತದೆ. ಕಾರ್ಯಪ್ಪ ಕ್ಯಾನ್‌ಬೆರಾಕ್ಕೆ. ಶ್ರೀನಾಗೇಶ್ ಅಸ್ಸಾಂ, ಆಂಧ್ರಗಳ ರಾಜಭವನಗಳಿಗೆ, ಅಲ್ಲಿಂದ 1964ರಲ್ಲಿ ಮೈಸೂರು ರಾಜ್ಯದ ರಾಜ್ಯಪಾಲರಾಗಿ ಬೆಂಗಳೂರಿಗೆ. ತಿಮ್ಮಯ್ಯ ವಿಶ್ವಸಂಸ್ಥೆಯ ಪಡೆಯ ದಂಡನಾಯಕರಾಗಿ ಸೈಪ್ರಸ್‌ಗೆ, ಅಲ್ಲಿಯೇ 1965ರ ಡಿಸೆಂಬರ್‌ನಲ್ಲಿ ನಿಧನ. ಥಾಪರ್ ಕಾಬೂಲಿಗೆ. ಚೌಧುರಿ, ಆಮೇಲೆ ರೈನಾ, ಇಬ್ಬರೂ ಕೆನಡಾಕ್ಕೆ. ಈ ಸಾಲಿನಲ್ಲಿ ನಾಗಪುರಕ್ಕೂ ಕನ್ನಡಕ್ಕೂ ಹತ್ತಿರದವರು ಗೋಪಾಲ ಗುರುನಾಥ ಬೇವೂರ್. ಬಿಜಾಪುರ ಸೀಮೆಯ ಕನ್ನಡ ಮನೆತನ, ತಂದೆ ಸರ್ ಗುರುನಾಥ ಬೇವೂರ್ ಐಸಿಎಸ್ ಅಧಿಕಾರಿ. ನಾಗಪುರ ರಾಜಧಾನಿಯಾಗಿದ್ದ ಮಧ್ಯ ಪ್ರಾಂತದ ಸಿವನಿಯಲ್ಲಿ 1916ರಲ್ಲಿ ಗೋಪಾಲರ ಜನನ. 1973ರ ಜನವರಿಯಲ್ಲಿ ಮಾಣೆಕ್‌ಷಾ ಅವರ ನಂತರ ಸೇನಾ ಮುಖ್ಯಸ್ಥರಾಗಿ 1975ರ ಮೇ ಕೊನೆಯವರೆಗೆ ಇದ್ದರು. ಅವರಿಗೆ ಸಿಕ್ಕ ಒಂದು ವರ್ಷದ ವಿಸ್ತರಣೆಯಿಂದ ವಿಕ್ಟೋರಿಯಾ ಕ್ರಾಸ್ ಪಡೆದಿದ್ದ ಲೆಫ್ಟಿನೆಂಟ್ ಜನರಲ್ ಭಗತ್ ಅವರಿಗೆ ಆ ಹುದ್ದೆ ತಪ್ಪಿತು ಎಂಬ ಅಸಮಾಧಾನ ಸೇನೆಯೊಳಗೆ ಬಹಳ ದಿನ ಇತ್ತು. ನಿವೃತ್ತಿಯ ನಂತರ ಬೇವೂರ್ ಡೆನ್ಮಾರ್ಕಿನ ರಾಯಭಾರಿಯಾದರು. ಮೊದಮೊದಲು ರಾಯಭಾರ ಕಚೇರಿ, ಬರಬರುತ್ತಾ ಹೆಚ್ಚಾಗಿ ರಾಜಭವನ: ಗೌರವ ಪೂರ್ತಿ ಇರುವ, ದೆಹಲಿಯ ಸಂಪುಟದಿಂದ ದೂರವಿರುವ ಜಾಗಗಳಿವು. ಇದನ್ನು ಅಪನಂಬಿಕೆ ಎಂದು ಸೈನಿಕರು ನೊಂದುಕೊಂಡದ್ದಿದೆ. ಆ ನೋವು ಸುಳ್ಳಲ್ಲ. ಆದರೆ ಅಪನಂಬಿಕೆ ಎಂಬುದು ವ್ಯಕ್ತಿಗಳ ಮೇಲಿನದಲ್ಲ, ನಿನ್ನೆಯ ಆಜ್ಞಾಪಕ ಇಂದಿನ ಮೇಲ್ವಿಚಾರಕನಾಗುವ ವ್ಯವಸ್ಥೆಯ ಮೇಲಿನದು.

ಈ ವಾದಕ್ಕೆ ಎದುರಾಗುವ ಅತಿ ಬಲವಾದ ಆಕ್ಷೇಪ ಚೀನಾದೊಡನೆ ನಡೆದ 1962ರ ಯುದ್ಧದ ಸೋಲು. ಯುದ್ಧ ಗೊತ್ತಿಲ್ಲದ ಕೃಷ್ಣ ಮೆನನ್ ರಕ್ಷಣಾ ಮಂತ್ರಿಯಾಗಿದ್ದರು. ಯುದ್ಧ ಗೊತ್ತಿದ್ದ ತಿಮ್ಮಯ್ಯ ಅದಕ್ಕೆ ಮೊದಲು ಸೇನಾ ಮುಖ್ಯಸ್ಥರಾಗಿದ್ದರು. ಬಡ್ತಿಗಳಲ್ಲಿ ಕೈಯಾಡಿಸುವ ಮಂತ್ರಿಯೊಡನೆ ಏಗಲಾರದೆ ತಿಮ್ಮಯ್ಯ 1959ರ ಆಗಸ್ಟ್ 31ರಂದು ರಾಜೀನಾಮೆ ಕೊಟ್ಟರು. ನೆಹರೂ ಮನವೊಲಿಸಿ ಹಿಂಪಡೆಸಿದರು, ಆಮೇಲೆ ಸಂಸತ್ತಿನಲ್ಲಿ ಅವರನ್ನೇ ಆಕ್ಷೇಪಿಸಿದರು. ಮೂರು ವರ್ಷದ ನಂತರ ತವಾಂಗ್, ಸೇಲಾ, ಬೊಮ್ಡಿಲಾಗಳಲ್ಲಿ ಸೈನಿಕರು ಅದರ ಬೆಲೆ ತೆತ್ತರು. ತಿಮ್ಮಯ್ಯನವರೇ ಮಂತ್ರಿಯಾಗಿದ್ದರೆ ಎಂಬ ಪ್ರಶ್ನೆ ಇಲ್ಲಿ ತಾನಾಗಿ ಏಳುತ್ತದೆ. ಆದರೆ ಏನು ಕೆಟ್ಟಿತ್ತು ಎಂದು ಹತ್ತಿರದಿಂದ ನೋಡಬೇಕು. ಮೆನನ್ ನಾಗರಿಕರಾಗಿದ್ದುದು ತಪ್ಪಲ್ಲ. ಸೈನಿಕರ ವೃತ್ತಿಪರ ಮಾತನ್ನು ಕೇಳದೆ, ರಾಜಕೀಯವಾಗಿ ಹತ್ತಿರದವರಾದ ಅಧಿಕಾರಿಗಳನ್ನು ಮೇಲೆತ್ತಿದ್ದು ತಪ್ಪು. ಲೆಫ್ಟಿನೆಂಟ್ ಜನರಲ್ ಬಿ. ಎಂ. ಕೌಲ್ ಸೈನಿಕರೇ, ಆದರೆ ಅವರ ಬಲವಿದ್ದದ್ದು ರಾಜಕೀಯ ನಂಟಿನಲ್ಲಿ. ದಂಡಿನಿಂದ ಸಂಪುಟಕ್ಕೆ ನೇರ ಏಣಿ ಇದೆ ಎಂದು ಗೊತ್ತಾದರೆ ಅಂಥ ನಂಟು ಬೆಳೆಸುವವರ ಸಂಖ್ಯೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. 1962ರ ಗಾಯಕ್ಕೆ ಮದ್ದು ಹಚ್ಚಿದವರು ಕೂಡ ಒಬ್ಬ ನಾಗರಿಕರೇ. ನವೆಂಬರ್‌ನಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿ ಯಶವಂತರಾವ್ ಚವ್ಹಾಣ್ ದೆಹಲಿಗೆ ಹೋದಾಗ, ಹಿಮಾಲಯದ ಕರೆಗೆ ಸಹ್ಯಾದ್ರಿ ಓಗೊಟ್ಟಿತು ಎಂದು ಮರಾಠಿ ಜನ ಹೆಮ್ಮೆಪಟ್ಟರು. ಚವ್ಹಾಣ್ ಸೈನ್ಯದ ಒಳ ಆಡಳಿತವನ್ನು ಸೈನಿಕರಿಗೆ ಬಿಟ್ಟರು, ಸಿದ್ಧತೆಯ ಲೆಕ್ಕ ಕೇಳುವುದನ್ನು ಬಿಡಲಿಲ್ಲ. 1965ರ ಸೆಪ್ಟೆಂಬರ್ 1ರ ಸಂಜೆ ಛಂಬ್‌ನಲ್ಲಿ ಪಾಕಿಸ್ತಾನದ ಟ್ಯಾಂಕುಗಳು ನುಗ್ಗುತ್ತಿದ್ದಾಗ, ಸೇನಾ ಮುಖ್ಯಸ್ಥರಾಗಿದ್ದ ಅದೇ ಚೌಧುರಿ ವಾಯುಪಡೆಯ ಅರ್ಜನ್ ಸಿಂಗ್ ಜೊತೆ ಬಂದು ವಿಮಾನಗಳ ಅನುಮತಿ ಕೇಳಿದರು. ಚವ್ಹಾಣ್ ಕೆಲವೇ ನಿಮಿಷಗಳಲ್ಲಿ ಒಪ್ಪಿಗೆ ಕೊಟ್ಟರು. ಒಂದು ಕಾಲಕ್ಕೆ ಇಡೀ ಹೈದರಾಬಾದ್ ರಾಜ್ಯವನ್ನು ಆಳಿದ್ದ ಜನರಲ್, ಸಾತಾರೆ ಸೀಮೆಯ ರೈತ ಮನೆತನದ ಮಂತ್ರಿಯ ಮುಂದೆ ನಿಂತು ಅನುಮತಿ ಕೇಳಿದ ಆ ಗಳಿಗೆಯಲ್ಲಿ ಯಾರ ಮಾನವೂ ಕುಗ್ಗಲಿಲ್ಲ, ಕೆಲಸವೂ ತಡವಾಗಲಿಲ್ಲ.

ನೆರೆಯ ದೇಶಗಳು ಇನ್ನೊಂದು ದಾರಿ ಹಿಡಿದವು. ಪಾಕಿಸ್ತಾನದಲ್ಲಿ 1951ರಿಂದ ದಂಡನಾಯಕರಾಗಿದ್ದ ಅಯೂಬ್ ಖಾನ್ 1954ರ ಅಕ್ಟೋಬರ್‌ನಲ್ಲಿ, ದಂಡನಾಯಕನ ಹುದ್ದೆ ಬಿಡದೆಯೇ, ಪ್ರಧಾನಿ ಬೋಗ್ರಾ ಅವರ ಸಂಪುಟದಲ್ಲಿ ರಕ್ಷಣಾ ಮಂತ್ರಿಯಾದರು. ಸಂಪುಟದಲ್ಲಿ ಇದ್ದದ್ದು ಒಂದು ವರ್ಷಕ್ಕೂ ಕಡಿಮೆ, ಆದರೆ ಬಾಗಿಲು ತೆರೆದಿತ್ತು. 1958ರ ಅಕ್ಟೋಬರ್‌ನಲ್ಲಿ ಅವರು ದೇಶದ ಒಡೆಯರೇ ಆದರು. ಬರ್ಮಾದಲ್ಲಿ ನೆ ವಿನ್ 1949ರಲ್ಲಿ ಸೇನೆಯ ಜೊತೆಗೆ ರಕ್ಷಣಾ ಖಾತೆಯನ್ನೂ ಹಿಡಿದಿದ್ದರು. 1962ರಲ್ಲಿ ಅಲ್ಲಿಯೂ ಅದೇ ಕಥೆ. ಮಂತ್ರಿ ಪದವಿಯೇ ದಂಗೆಗೆ ಕಾರಣ ಎಂದು ಹೇಳಲಾಗದು. ಪಕ್ಷಗಳ ದೌರ್ಬಲ್ಯ, ಮುಂದೂಡಿದ ಚುನಾವಣೆ, ಒಳಗಿನ ಬಂಡಾಯ ಹೀಗೆ ಬೇರೆ ಕಾರಣಗಳು ಬೇಕಾದಷ್ಟಿದ್ದವು. ಆದರೆ ಸಂಪುಟದ ಮೇಜಿಗೆ ಸೇನಾಪತಿಯನ್ನು ಕರೆದು ಕೂರಿಸಿದ ರಾಜಕಾರಣಿಗಳು ತಮ್ಮಿಂದ ಈ ಕೆಲಸ ಸಾಗದು ಎಂದು ಮೊದಲೇ ಒಪ್ಪಿಕೊಂಡಂತಾಯಿತು. ಇಸ್ರೇಲ್ ಪ್ರಜಾಪ್ರಭುತ್ವ ಕೆಡಿಸಿಕೊಳ್ಳದೆ ಜನರಲ್ಲರನ್ನು ಮಂತ್ರಿ ಮಾಡಿಲ್ಲವೇ ಎಂದು ಕೇಳಬಹುದು. ಮಾಡಿದೆ. ಅಲ್ಲಿಯೂ 1973ರ ಯುದ್ಧಕ್ಕೆ ಮೊದಲು, ಹಿಂದಿನ ಸೇನಾ ಮುಖ್ಯಸ್ಥ ಮೋಷೆ ದಯಾನ್ ರಕ್ಷಣಾ ಮಂತ್ರಿಯಾಗಿದ್ದಾಗ, ಅರಬರು ಸದ್ಯಕ್ಕೆ ಮೇಲೆ ಬೀಳಲಾರರು ಎಂಬ ಸೇನೆಯ ನಂಬಿಕೆಯನ್ನು ಅಲುಗಾಡಿಸುವವರು ಸಂಪುಟದಲ್ಲಿ ಇರಲಿಲ್ಲ. ಸೇನೆ ಹೇಳಿದ್ದನ್ನು ಸೇನೆಯಲ್ಲೇ ಬೆಳೆದ ಮಂತ್ರಿ ನಂಬಿದರು. ತನಿಖಾ ಆಯೋಗ ಸೇನಾ ಮುಖ್ಯಸ್ಥ ಎಲಜಾರ್ ಅವರ ಮೇಲೆ ಹೊರೆ ಹೊರಿಸಿ ಮಂತ್ರಿಯನ್ನು ಬಿಟ್ಟಿತು. ಜನ ಸಿಟ್ಟಿಗೆದ್ದರು, 1974ರಲ್ಲಿ ಸರ್ಕಾರವೇ ಬಿತ್ತು.

ಅಮೆರಿಕ ಇದನ್ನು ಕಾನೂನಿನಲ್ಲಿ ಬರೆದಿಟ್ಟಿದೆ. 1947ರ ಕಾಯ್ದೆಯ ಪ್ರಕಾರ ಸೇನೆ ಬಿಟ್ಟು ಹತ್ತು ವರ್ಷ ಕಳೆಯದ ಅಧಿಕಾರಿ ರಕ್ಷಣಾ ಕಾರ್ಯದರ್ಶಿಯಾಗುವಂತಿರಲಿಲ್ಲ. 2008ರಲ್ಲಿ ಅದನ್ನು ಏಳಕ್ಕೆ ಇಳಿಸಿದರು. ಮೂರು ಸಲ ಮಾತ್ರ ಕಾಂಗ್ರೆಸ್ ವಿನಾಯಿತಿ ಕೊಟ್ಟಿದೆ: 1950ರಲ್ಲಿ ಜಾರ್ಜ್ ಮಾರ್ಷಲ್, 2017ರಲ್ಲಿ ಮ್ಯಾಟಿಸ್, 2021ರಲ್ಲಿ ಆಸ್ಟಿನ್. ಮಾರ್ಷಲ್ ಹೆಸರನ್ನು ಜನರಲ್ ಮಂತ್ರಿಗಳ ಪರವಾದ ಸಾಕ್ಷ್ಯವಾಗಿ ಎತ್ತುವುದು ವಾಡಿಕೆ. ಆದರೆ ಅವರು ಆ ಹುದ್ದೆಗೆ ಬರುವ ಮೊದಲು ಎರಡು ವರ್ಷ ವಿದೇಶಾಂಗ ಕಾರ್ಯದರ್ಶಿಯಾಗಿ ಸಂಸತ್ತಿಗೆ ಉತ್ತರ ಹೇಳಿದ್ದರು, ಯುರೋಪಿನ ಪುನರ್ನಿರ್ಮಾಣದ ಯೋಜನೆಗೆ ಹಣ ಮಂಜೂರು ಮಾಡಿಸಿಕೊಂಡಿದ್ದರು. ಅವರು ಬಂದದ್ದು ರಾಜಕೀಯದ ಮೆಟ್ಟಿಲು ಹತ್ತಿ.

ಭಾರತದಲ್ಲಿ ಇತ್ತೀಚಿನ ದಶಕದ ಎರಡು ವೃತ್ತಾಂತಗಳು ಪ್ರಶ್ನೆಯನ್ನು ಇನ್ನಷ್ಟು ಹತ್ತಿರಕ್ಕೆ ತಂದಿವೆ. 2012ರಲ್ಲಿ ನಿವೃತ್ತರಾದ ಸೇನಾ ಮುಖ್ಯಸ್ಥ ವಿ. ಕೆ. ಸಿಂಗ್ ಎರಡೇ ವರ್ಷದಲ್ಲಿ ಗಾಜಿಯಾಬಾದಿನಿಂದ ಗೆದ್ದು ಕೇಂದ್ರದಲ್ಲಿ ರಾಜ್ಯ ಸಚಿವರಾದರು. ಅವರಿಗೆ ಸಿಕ್ಕದ್ದು ವಿದೇಶಾಂಗ, ಈಶಾನ್ಯ ರಾಜ್ಯಗಳ ಅಭಿವೃದ್ಧಿ, ಮುಂದೆ ರಸ್ತೆ ಸಾರಿಗೆ. ರಕ್ಷಣೆ ಸಿಗಲಿಲ್ಲ. ಯಾಕೆ ಸಿಗಬಾರದು ಎಂಬುದೂ ಕೂಡಲೇ ತಿಳಿಯಿತು. ಸೇನಾ ಮುಖ್ಯಸ್ಥರಾಗಿದ್ದಾಗ ದಲ್ಬೀರ್ ಸಿಂಗ್ ಸುಹಾಗ್ ಅವರ ಮೇಲೆ ಅವರು ಹೊರಡಿಸಿದ್ದ ಶಿಸ್ತುಕ್ರಮ ಕಾನೂನುಬಾಹಿರ ಎಂದು 2014ರ ಜೂನ್‌ನಲ್ಲಿ ರಕ್ಷಣಾ ಸಚಿವಾಲಯ ಸುಪ್ರೀಂ ಕೋರ್ಟಿಗೆ ಪ್ರಮಾಣಪತ್ರ 
ಸಲ್ಲಿಸಿತು. ಸುಹಾಗ್ ಮುಂದಿನ ಸೇನಾ ಮುಖ್ಯಸ್ಥರಾಗಿ ಆಯ್ಕೆಯಾಗಿದ್ದರು, ಸಿಂಗ್ ಅದೇ ಸರ್ಕಾರದ ಸಚಿವರಾಗಿದ್ದರು. ಅವರೇ ರಕ್ಷಣಾ ಮಂತ್ರಿಯಾಗಿದ್ದರೆ ಆ ಕಡತಕ್ಕೆ ಯಾರು ಸಹಿ ಹಾಕಬೇಕಿತ್ತು? ಇನ್ನೊಂದು ವೃತ್ತಾಂತ ಬೇರೆ ಬಗೆಯದು. ಮೇಜರ್ ಜನರಲ್ ಬಿ. ಸಿ. ಖಂಡೂರಿ ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯ ಅಧ್ಯಕ್ಷರಾಗಿದ್ದಾಗ, 2018ರ ಮಾರ್ಚ್‌ನ ವರದಿ ಸೇನೆಯ ಉಪಕರಣಗಳಲ್ಲಿ ಶೇಕಡ 68ರಷ್ಟು ಹಳೆಯ ಕಾಲದವು ಎಂಬ ಸೇನೆಯದೇ ಹೇಳಿಕೆಯನ್ನು ಮುಂದಿಟ್ಟು ಸರ್ಕಾರವನ್ನು ಕಟುವಾಗಿ ಟೀಕಿಸಿತು. ಅವರು ಆಳುವ ಪಕ್ಷದವರೇ ಆಗಿದ್ದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಸ್ಥಾನ ಬೇರೆಯವರಿಗೆ ಹೋಯಿತು. ಸೈನಿಕನ ಅನುಭವ ರಾಜಕೀಯಕ್ಕೆ ಅತ್ಯಂತ ಉಪಯುಕ್ತವಾಗುವ ಜಾಗ ಯಾವುದೆಂದು ಖಂಡೂರಿ ತೋರಿಸಿದರು. ಅದು ಪ್ರಶ್ನೆ ಕೇಳುವವರ ಕಡೆಯ ಆಸನ.

ಸಚಿವಾಲಯದೊಳಗೆ ಯುದ್ಧ ಬಲ್ಲವರೇ ಇಲ್ಲ ಎಂಬ ಹಳೆಯ ದೂರಿಗೂ ಈಗ ಅಷ್ಟು ಬಲವಿಲ್ಲ. ಕಾರ್ಗಿಲ್ ಯುದ್ಧದ ನಂತರ ಕೆ. ಸುಬ್ರಹ್ಮಣ್ಯಂ ಸಮಿತಿ ಎತ್ತಿದ ಚರ್ಚೆ ಇಪ್ಪತ್ತು ವರ್ಷ ಉರುಳಿ, 2020ರ ಜನವರಿ 1ರಂದು ಬಿಪಿನ್ ರಾವತ್ ಮೊದಲ ರಕ್ಷಣಾ ಪಡೆಗಳ ಮುಖ್ಯಸ್ಥರಾದರು. ಸಚಿವಾಲಯದಲ್ಲೇ ಸೈನಿಕ ವ್ಯವಹಾರಗಳ ಇಲಾಖೆ ಹುಟ್ಟಿ, ಅದರ ಕಾರ್ಯದರ್ಶಿಯ ಕುರ್ಚಿಯಲ್ಲಿ ಸಮವಸ್ತ್ರಧಾರಿ ಕೂತರು. ಪರಿಣತಿ ಒಳಗೆ ಬಂತು, ಅಂತಿಮ ಮಾತು ನಾಗರಿಕ ಮಂತ್ರಿಯಲ್ಲಿ ಉಳಿಯಿತು. ಇನ್ನು ಮಂತ್ರಿಯೂ ಜನರಲ್ಲನಾದರೆ, 1909ರಲ್ಲಿ ಕಿಚನರ್ ಮುಚ್ಚಿಸಿದ ಎರಡನೆಯ ಕಣ್ಣು ಮತ್ತೆ ಮುಚ್ಚಿದಂತೆ.

ನಿವೃತ್ತ ಸೈನಿಕನೂ ಪ್ರಜೆಯೇ, ಅವನಿಗೆ ಯಾವ ಪದವಿಯನ್ನೂ ನಿರಾಕರಿಸುವುದು ನ್ಯಾಯವಲ್ಲ ಎಂಬ ಆಕ್ಷೇಪ ಮಾತ್ರ ಸುಲಭದಲ್ಲಿ ಕೈಬಿಡುವಂಥದ್ದಲ್ಲ. ಅದಕ್ಕೆ ಉತ್ತರ ಶಾಶ್ವತ ನಿಷೇಧವಲ್ಲ, ಕಾಲದ ಅಂತರ. ನಮ್ಮಲ್ಲಿ ಸೇವೆಯಲ್ಲಿರುವ ಸೈನಿಕ ರಾಜಕೀಯ ಮಾಡದಂತೆ 1950ರ ಸೇನಾ ಕಾಯ್ದೆ ತಡೆಯುತ್ತದೆ. ಸೇವೆ ಮುಗಿದ ಮರುದಿನದಿಂದ ಯಾವ ತಡೆಯೂ ಇಲ್ಲ. ನಿವೃತ್ತನಾದ ಉನ್ನತಾಧಿಕಾರಿ ಖಾಸಗಿ ಕಂಪನಿ ಸೇರಲು ಒಂದು ವರ್ಷ ಕಾಯಬೇಕು ಅಥವಾ ಅನುಮತಿ ಪಡೆಯಬೇಕು, ಪಕ್ಷ ಸೇರಿ ಸಂಪುಟಕ್ಕೆ ಹೋಗಲು ಕಾಯಬೇಕಿಲ್ಲ. ನಾಗಪುರದವರೇ ಆದ ಜನರಲ್ ಮನೋಜ್ ಪಾಂಡೆ, ಎಂಜಿನಿಯರ್ಸ್ ವಿಭಾಗದಿಂದ ಬಂದ ಮೊದಲ ಸೇನಾ ಮುಖ್ಯಸ್ಥರು, 2024ರ ಮೇ ಕೊನೆಗೆ ನಿವೃತ್ತರಾಗಬೇಕಿತ್ತು. ಲೋಕಸಭಾ ಚುನಾವಣೆ ನಡೆಯುತ್ತಿದ್ದಾಗ ಸರ್ಕಾರ ಅವರ ಅವಧಿಯನ್ನು ಒಂದು ತಿಂಗಳು ಮುಂದುವರಿಸಿತು. ಅವರು ಜೂನ್ 30ರಂದು ಸದ್ದಿಲ್ಲದೆ ಹುದ್ದೆ ಬಿಟ್ಟರು. ಆದರೆ ಸೇನಾ ಮುಖ್ಯಸ್ಥನ ನೇಮಕ, ವಿಸ್ತರಣೆ, ನಿವೃತ್ತಿಯ ನಂತರದ ಪದವಿ, ಈ ಮೂರೂ ಒಂದೇ ಸರ್ಕಾರದ ಕೈಯಲ್ಲಿರುವ ತನಕ, ಸೇವೆಯಲ್ಲಿರುವಾಗ ಆತ ಕೊಡುವ ಸಲಹೆಯ ಮೇಲೆ ಅನುಮಾನದ ನೆರಳು ಬೀಳುವ ಅವಕಾಶ ಇದ್ದೇ ಇರುತ್ತದೆ. ಅದು ಪ್ರಾಮಾಣಿಕ ಅಧಿಕಾರಿಗೇ ಹೆಚ್ಚು ಅನ್ಯಾಯ. ಮೂರೂ ಪಡೆಗಳ ಮುಖ್ಯಸ್ಥರು ಮತ್ತು ಕಮಾಂಡರುಗಳಿಗೆ, ರಕ್ಷಣಾ ಖಾತೆಯ ಮಟ್ಟಿಗೆ, ಐದೋ ಏಳೋ ವರ್ಷಗಳ ಅಂತರವನ್ನು ಕಾನೂನಿನಲ್ಲೇ ಬರೆಯಬೇಕು. ಅನಿವಾರ್ಯ ಸಂದರ್ಭದಲ್ಲಿ ಸಂಸತ್ತಿನ ಎರಡೂ ಸದನಗಳು ಚರ್ಚಿಸಿ ವಿನಾಯಿತಿ ಕೊಡಲು ಅವಕಾಶವಿರಲಿ. ಬಹುಮತವಿರುವ ಸರ್ಕಾರ ಅಂಥ ವಿನಾಯಿತಿಯನ್ನು ಒಂದೇ ದಿನದಲ್ಲಿ ಪಡೆದುಕೊಳ್ಳಬಲ್ಲದು ಎನ್ನುವವರಿದ್ದಾರೆ. ಪಡೆಯಲಿ, ಆದರೆ ಯಾಕೆ ಬೇಕೆಂದು ಸದನದಲ್ಲಿ ಎದ್ದುನಿಂತು ಹೇಳಬೇಕಾಗುತ್ತದೆ, ಆ ಮಾತು ಕಡತಕ್ಕೆ ಸೇರುತ್ತದೆ.